ಮಡ್‌ಗಾರ್ಡ್ ಒಳಗೆ ಮದ್ದೂರು: ಅಕ್ಷರ ಕೊಟ್ಟರೆ ಇಂಗ್ಲಿಷ್ ಪದ ಹುಡುಕುವ ಡಬ್ಬಿ

ಕೊನೆಗೆ ಏನಾಯಿತು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಕೆಲಸದವರು ಬಳಸುವ ಒಂದು ಪಿವಿಸಿ ಬಾಕ್ಸು. ಅದರ ಮುಚ್ಚಳದಲ್ಲಿ ಎರಡು ಸಾಲಿನ ಎಲ್‌ಸಿಡಿ, ಒಳಗೆ ಒಂದು ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಹೊರಗೆ ಅಟ್ಟದಿಂದ ಇಳಿಸಿದ ಹಳೇ ಕೀಬೋರ್ಡು. ನಾಲ್ಕೈದು ಅಕ್ಷರ ಒತ್ತಿ ಎಂಟರ್ ಕೊಟ್ಟರೆ ಆ ಅಕ್ಷರಗಳೆಲ್ಲ ಇರುವ ಇಂಗ್ಲಿಷ್ ಪದಗಳು ಒಂದೊಂದಾಗಿ ಬರುತ್ತವೆ. ಇಂಟರ್ನೆಟ್ ಬೇಡ, ಫೋನ್ ಬೇಡ.

ಫೋನ್ ಬೇಡ ಅನ್ನೋದೇ ಇಲ್ಲಿ ಮುಖ್ಯ. ನನ್ನ ಅತ್ತಿಗೆ ಮಂಡ್ಯದಲ್ಲಿ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಮಕ್ಕಳ ಕೈಗೆ ಫೋನ್ ಕೊಟ್ಟರೆ ಪದ ಹುಡುಕೋದು ಬಿಟ್ಟು ಇನ್ನೇನೋ ಶುರುವಾಗುತ್ತೆ ಅನ್ನೋದು ಅವರ ಅನುಭವ. ಅವರು ಮೈಸೂರಿಗೆ ಬಂದಾಗ ಕೇಳಿದ್ದು ಸಣ್ಣ ಸಹಾಯ. "ಊರಿನ ಹೆಸರು ಬರೆದು, ಆ ಅಕ್ಷರ ಎಲ್ಲಾ ಇರೋ ಇಂಗ್ಲಿಷ್ ಪದ ಹುಡುಕಿ ಅಂತ ಮಕ್ಕಳಿಗೆ ಕೊಡಬೇಕು ಕಣಪ್ಪಾ. ಉತ್ತರ ನನಗೂ ಗೊತ್ತಿರಬೇಕಲ್ಲ, ನಿನ್ನ ಕಂಪ್ಯೂಟರ್ ಹುಡುಕಿ ಕೊಡುತ್ತಾ?"

ಕೊಡುತ್ತೆ. ಲಿನಕ್ಸ್ ಇದ್ದರೆ ಪ್ರೋಗ್ರಾಂ ಕೂಡ ಬರೆಯಬೇಕಾಗಿಲ್ಲ. ಲಿನಕ್ಸಿನದೇ ಒಂದು ಬಗೆಯಾದ ಉಬುಂಟುವಿನಲ್ಲಿ ಇಂಗ್ಲಿಷ್ ಪದಗಳ ಒಂದು ಕಡತ ಸಿಗುತ್ತೆ, ಸಾಲಿಗೆ ಒಂದು ಪದ. ಅಮೆರಿಕನ್ ಕಾಗುಣಿತ ಬೇಕಾದರೆ ಒಂದು ಪ್ಯಾಕೇಜು, ಬ್ರಿಟಿಷ್ ಬೇಕಾದರೆ ಇನ್ನೊಂದು. ಅದರ ಮೇಲೆ ಗ್ರೆಪ್ ಓಡಿಸಿದರೆ ಆಯಿತು. ಗ್ರೆಪ್ 1973ರಲ್ಲಿ ಕೆನ್ ಥಾಂಪ್ಸನ್ ಬರೆದ ಆಜ್ಞೆ, ಇವತ್ತಿಗೂ ಇಂಥ ಕೆಲಸಕ್ಕೆ ಅದನ್ನು ಮೀರಿಸೋದು ಕಷ್ಟ. ವೈ ಇರುವ ಸಾಲು ಹುಡುಕು, ಸಿಕ್ಕಿದ್ದನ್ನು ಪೈಪಿನಲ್ಲಿ ಮುಂದಕ್ಕೆ ಕಳಿಸು. ಅದರಲ್ಲಿ ಡಿ ಇರುವ ಸಾಲು, ಅದರಲ್ಲಿ ಎಂ ಇರುವ ಸಾಲು, ಹೀಗೆ ಗ್ರೆಪ್‌ಗಳ ಸರಪಳಿ. ಸರಪಳಿಯಲ್ಲಿ ಅಪರೂಪದ ಅಕ್ಷರ ಮುಂದೆ ಇರಲಿ. ವೈ ಮೊದಲು ಹಾಕಿದರೆ ಬಹುಪಾಲು ಪದಗಳು ಅಲ್ಲೇ ಉದುರಿಹೋಗುತ್ತವೆ. ಎ ಮೊದಲು ಹಾಕಿದರೆ ಅರ್ಧ ಡಿಕ್ಷನರಿಯೇ ಮುಂದಕ್ಕೆ ಹೋಗುತ್ತೆ.

ಮಂಡ್ಯದ ಐದು ಅಕ್ಷರ ಕೊಟ್ಟ ತಕ್ಷಣ ಡೈನಮೊ, ಡೈನಮಿಕ್, ಡೈನಮೈಟ್ ಅಂತ ಸಾಲುಗಟ್ಟಿ ಬಂದವು. ಜೊತೆಗೆ ಮಂಡೇ ಕೂಡ ಬಂತು, ಅದರಲ್ಲೂ ಎಂ, ಎನ್, ಡಿ, ಎ, ವೈ ಇದೆಯಲ್ಲ. ಅಲ್ಲಿಗೇ ಕೆಲಸ ಮುಗಿಯಬೇಕಿತ್ತು. ಅತ್ತಿಗೆ ಪಟ್ಟಿ ನೋಡಿ ಒಂದೇ ಮಾತು ಕೇಳಿದರು. "ಮಂಡ್ಯದಲ್ಲಿ ಎರಡು ಎ ಇದೆ. ಡೈನಮೊದಲ್ಲಿ ಒಂದೇ ಅಲ್ವಾ?"

ಪ್ರಶ್ನೆ ಯಾವುದು ಅಂತ ಮೊದಲು ತೀರ್ಮಾನ ಆಗಲಿ

ಅಕ್ಷರ ಕೊಟ್ಟು ಪದ ಹುಡುಕು ಅನ್ನೋದು ಒಂದು ಪ್ರಶ್ನೆಯ ಹಾಗೆ ಕೇಳುತ್ತೆ. ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಬೇರೆ ಪ್ರಶ್ನೆಗಳಿವೆ. ಯಾರಾದರೂ ಇಂಥ ಪ್ರೋಗ್ರಾಂ ಬರೆಯೋಕೆ ಕೂತರೆ ಕೋಡ್ ಮುಟ್ಟುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ ಅಂತಲೇ ನಾನು ಹೇಳೋದು.

ಒಂದನೆಯದು ಅತ್ತಿಗೆ ಕೇಳಿದ್ದು. ಕೊಟ್ಟ ಅಕ್ಷರಗಳೆಲ್ಲ ಪದದಲ್ಲಿ ಇರಲೇಬೇಕು, ಬೇರೆ ಅಕ್ಷರಗಳೂ ಇರಬಹುದು. ಎರಡನೆಯದರಲ್ಲಿ ಕೊಟ್ಟಷ್ಟೇ ಅಕ್ಷರ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದಕ್ಕೆ ಅನಗ್ರಾಂ ಅಂತಾರೆ. ಮೂರನೆಯದು ಸ್ಕ್ರ್ಯಾಬಲ್ ಆಡುವವರ ಪ್ರಶ್ನೆ: ಕೈಯಲ್ಲಿರುವ ಅಕ್ಷರಗಳಿಂದ ಯಾವ ಯಾವ ಪದ ಕಟ್ಟಬಹುದು, ಎಲ್ಲವನ್ನೂ ಬಳಸಬೇಕು ಅಂತೇನಿಲ್ಲ. ನಾಲ್ಕನೆಯದು ನ್ಯೂಯಾರ್ಕ್ ಟೈಮ್ಸಿನ ಸ್ಪೆಲಿಂಗ್ ಬೀ ಆಟದ ತರಹ. ಅಲ್ಲಿ ಏಳು ಅಕ್ಷರ ಕೊಡುತ್ತಾರೆ, ಒಂದೊಂದನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಆದರೆ ನಡುವಿನ ಅಕ್ಷರ ಇರಲೇಬೇಕು, ಪದಕ್ಕೆ ಕನಿಷ್ಠ ನಾಲ್ಕು ಅಕ್ಷರ ಬೇಕು.

ಅದೇ ಮಂಡ್ಯವನ್ನು ನಾಲ್ಕಕ್ಕೂ ಕೊಟ್ಟು ನೋಡಿ. ಒಂದನೆಯದಕ್ಕೆ ಎರಡು ಎ ಲೆಕ್ಕಕ್ಕೆ ತಗೊಂಡರೆ ಹ್ಯಾಂಡಿಮ್ಯಾನ್, ಮ್ಯಾಂಡೇಟರಿ, ಅಡಮಂಟ್ಲಿ ಸಿಗುತ್ತವೆ. ಮೂರನೆಯದಕ್ಕೆ ಮೆನಿ, ಯಾಮ್, ಮೈನಾ ಹಕ್ಕಿಯ ಮೈನಾ, ಆಡ್‌ಮ್ಯಾನ್. ನಾಲ್ಕನೆಯದಕ್ಕೆ ಮ್ಯಾಡಮ್, ಡ್ಯಾಂಡಿ, ನ್ಯಾನಿ. ಎರಡನೆಯದಕ್ಕೆ ಮಂಡ್ಯ ಬಡವ, ಆದರೆ ಮಂಡ್ಯದ ಸಕ್ಕರೆ ಶ್ರೀಮಂತ. ಇಂಗ್ಲಿಷಿನ ಶುಗರ್ ಪದದ ಐದು ಅಕ್ಷರ ಹಿಂದೆ ಮುಂದೆ ಮಾಡಿದರೆ ಗಾರ್ಸ್ ಆಗುತ್ತೆ. ಗಾರ್ ಅಂದ್ರೆ ನಮ್ಮ ಬಂಡೀಪುರದ ಕಾಟಿ. ಇನ್ನೊಂದು ಸಲ ತಿರುಗಿಸಿದರೆ ಗ್ವಾರ್ಸ್, ಅದು ಗೋರಿಕಾಯಿ. ಆರ್ಗಸ್ ಅನ್ನೋದೂ ಅವೇ ಅಕ್ಷರ, ಅದೊಂದು ಜಾತಿಯ ದೊಡ್ಡ ಹಕ್ಕಿ. 1933ರಿಂದ ಮೈಶುಗರ್ ಕಾರ್ಖಾನೆ ಇರುವ ಊರಿನ ಟ್ಯೂಷನ್ನಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಅನಗ್ರಾಂ ಹುಡುಕೋದು ಸುಲಭ. ಪ್ರತಿ ಪದದ ಅಕ್ಷರಗಳನ್ನು ಎಬಿಸಿಡಿ ಕ್ರಮಕ್ಕೆ ಜೋಡಿಸಿ. ಈ ನಾಲ್ಕೂ ಪದಗಳು ಎ, ಜಿ, ಆರ್, ಎಸ್, ಯು ಅಂತ ಒಂದೇ ರೂಪಕ್ಕೆ ಬರುತ್ತವೆ. ಡಿಕ್ಷನರಿ ಪೂರ್ತಿಗೆ ಒಂದು ಸಲ ಹೀಗೆ ಮಾಡಿ, ಆ ರೂಪದ ಪ್ರಕಾರ ವಿಂಗಡಿಸಿಟ್ಟರೆ ಅಣ್ಣತಮ್ಮಂದಿರೆಲ್ಲ ಪಕ್ಕಪಕ್ಕದಲ್ಲೇ ನಿಂತಿರುತ್ತಾರೆ. ಹುಡುಕುವ ಮಾತೇ ಇಲ್ಲ.

ಒಂದನೆಯ ಪ್ರಶ್ನೆಗೆ ಈ ಉಪಾಯ ನಡೆಯಲ್ಲ, ನಡುನಡುವೆ ಬೇರೆ ಅಕ್ಷರ ನುಗ್ಗಿರುತ್ತವಲ್ಲ. ಅಲ್ಲಿ ಎಣಿಸಲೇಬೇಕು. ಜೋಡಿ ಅಕ್ಷರದ ತೊಂದರೆ ಚೆನ್ನಾಗಿ ಕಾಣೋದು ಮದ್ದೂರಿನಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಎಂ, ಎ, ಡಿ, ಡಿ, ಯು, ಆರ್. ಗ್ರೆಪ್ ಸರಪಳಿಗೆ ಡಿ ಅನ್ನು ಎರಡು ಸಲ ಕೊಟ್ಟರೂ ಪ್ರಯೋಜನ ಇಲ್ಲ. ಎರಡನೇ ಗ್ರೆಪ್ಪೂ ಅದೇ ಒಂದು ಡಿ ನೋಡಿ ಸರಿ ಅಂದುಬಿಡುತ್ತೆ. ಹಾಗಾಗಿ ಮರಾಡರ್, ಮರಾಡೆಡ್ ಎರಡೂ ಒಳಗೆ ಬರುತ್ತವೆ. ಎರಡರ ಕಾಗುಣಿತದಲ್ಲೂ ಮೊದಲ ಏಳು ಅಕ್ಷರ ಒಂದೇ, ಕೊನೆಯದು ಮಾತ್ರ ಒಂದರಲ್ಲಿ ಆರ್, ಇನ್ನೊಂದರಲ್ಲಿ ಡಿ. ಎರಡನೆಯದು ಮಾತ್ರ ಮದ್ದೂರು. ಗ್ರೆಪ್ಪಿಗೆ ಇದನ್ನು ಹೇಳಬೇಕಾದರೆ ಡಿ, ಚುಕ್ಕಿ, ನಕ್ಷತ್ರ, ಡಿ ಅಂತ ಬರೆಯಬೇಕು. ಒಂದು ಡಿ, ಆಮೇಲೆ ಏನಾದರೂ ಇರಲಿ, ಆಮೇಲೆ ಇನ್ನೊಂದು ಡಿ ಅಂತ ಅರ್ಥ. ಹಾಗೆ ಬರೆದ ಮೇಲೆ ಮರಾಡರ್, ಗೂರ್ಮಾಂಡ್, ಅನಾರ್ಮ್ಡ್ ಎಲ್ಲ ಜಾರಿಹೋಗಿ ಮರಾಡೆಡ್, ಡ್ರಮ್‌ಹೆಡ್, ಮಡ್‌ಗಾರ್ಡ್ ಉಳಿದವು. ಬೇಕಾದರೆ ಬರೆದು ನೋಡಿ, ಮಡ್‌ಗಾರ್ಡಿನೊಳಗೆ ಮದ್ದೂರು ಪೂರ್ತಿ ಇದೆ. ಈ ಪದ ಸಿಕ್ಕಿದ ಮೇಲೆ ಇದನ್ನೊಂದು ಡಬ್ಬಿ ಮಾಡಲೇಬೇಕು ಅನ್ನಿಸಿತು.

ಪದಗಳ ಪಟ್ಟಿ

ಉಬುಂಟುವಿನ ಕಡತದಲ್ಲಿ ಹೆಸರುಗಳು, ಊರುಗಳು, ವಾರಗಳು ದೊಡ್ಡಕ್ಷರದಲ್ಲಿವೆ. ಮೇಲೆ ಮಂಡೇ ಬಂದಿದ್ದು ಹಾಗೆ. ಅಪಾಸ್ಟ್ರಫಿ ಮತ್ತು ಎಸ್ ಅಂಟಿಸಿದ ರೂಪಗಳೂ ರಾಶಿ ಇವೆ. ಶುರುವಿನಿಂದ ಕೊನೆಯವರೆಗೆ ಸಣ್ಣಕ್ಷರ ಮಾತ್ರ ಇರುವ ಸಾಲು ಉಳಿಸು ಅಂದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಡಬ್ಬಿಗೆ ನಾನು ಎನೇಬಲ್ ಅನ್ನೋ ಪಟ್ಟಿ ತಗೊಂಡೆ. 1 ಲಕ್ಷದ 72 ಸಾವಿರಕ್ಕೂ ಜಾಸ್ತಿ ಪದಗಳಿವೆ. ಹೆಸರು ಗಿಸರು ಇಲ್ಲ, ಪದದಾಟಕ್ಕೆ ಅಂತಲೇ ಮಾಡಿದ ಪಟ್ಟಿ, ಯಾರು ಬೇಕಾದರೂ ಬಳಸಬಹುದು. ನನಗೆ ಸಿಕ್ಕ ಪ್ರತಿಯಲ್ಲಿ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಇತ್ತು. ವಿಂಡೋಸ್‌ನಲ್ಲಿ ಸಾಲು ಮುಗಿದಿದೆ ಅಂತ ಹೇಳೋಕೆ ಎರಡು ಗುರುತು ಹಾಕುತ್ತಾರೆ, ಲಿನಕ್ಸ್‌ನಲ್ಲಿ ಒಂದೇ. ಆ ಹೆಚ್ಚಿನ ಗುರುತು ಉಳಿದರೆ ಎಂಟಕ್ಷರದ ಪದ ಒಂಬತ್ತು ಅಂತ ಎಣಿಕೆಯಾಗುತ್ತೆ, "ಕೊನೆಯವರೆಗೆ ಸಣ್ಣಕ್ಷರ ಮಾತ್ರ" ಅನ್ನೋ ಜರಡಿಯಲ್ಲಿ ಒಂದೇ ಒಂದು ಪದವೂ ಉಳಿಯಲ್ಲ. ಪರದೆ ಮೇಲೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತೆ. ಪದಗಳ ಕಡತ ಎಲ್ಲಿಂದ ತಂದರೂ ಮೊದಲು ಈ ಗುರುತನ್ನು ತೆಗೆಸಿ, ಆಮೇಲೆ ಮುಂದಿನ ಮಾತು.

ಪಿಕೊಗೆ ಇಳಿಸೋದು

ಪಿಕೊ 2021ರ ಜನವರಿಯಲ್ಲಿ ಬಂದ ಪುಟ್ಟ ಬೋರ್ಡು. 264 ಕಿಲೋಬೈಟ್ ರ್‍ಯಾಮ್, 2 ಮೆಗಾಬೈಟ್ ಫ್ಲ್ಯಾಶ್. ಇಂಥ ಪುಟ್ಟ ಬೋರ್ಡುಗಳಿಗೆ ಅಂತಲೇ ಇರುವ ಪೈಥಾನ್ ಭಾಷೆ, ಮೈಕ್ರೋಪೈಥಾನ್ ಹಾಕಿದ ಮೇಲೆ ಕಡತಗಳಿಗೆ ಉಳಿಯೋದು 1.4 ಮೆಗಾಬೈಟಿನಷ್ಟು ಜಾಗ. ಎನೇಬಲ್ ಪಟ್ಟಿ ಪೂರ್ತಿ ಇಟ್ಟರೆ 2 ಮೆಗಾಬೈಟಿನ ಹತ್ತಿರ ಹೋಗುತ್ತೆ. ಹಾಗಾಗಿ ಎರಡರಿಂದ ಎಂಟಕ್ಷರದವರೆಗಿನ ಪದಗಳನ್ನು ಮಾತ್ರ ಇಟ್ಟುಕೊಂಡೆ. ಸುಮಾರು 80 ಸಾವಿರ ಪದ. ಉದ್ದದ ಪ್ರಕಾರ ಬೇರೆ ಬೇರೆ ಕಡತ ಮಾಡಿದರೆ ಸಾಲು ಮುಗಿಯುವ ಗುರುತೂ ಬೇಡ. ಎಂಟಕ್ಷರದ ಕಡತದಲ್ಲಿ ಎಂಟೆಂಟು ಬೈಟಿಗೆ ಒಂದು ಪದ, ಅಷ್ಟೇ.

ಸುಮ್ನೆ ಒಂದೊಂದೇ ಪದ ಓದಿ ಅಕ್ಷರ ಎಣಿಸುವ ಮೊದಲ ರೂಪ ಕೆಲಸ ಮಾಡಿತು, ಆದರೆ ಆಮೆ. ಎಂಟರ್ ಒತ್ತಿ ಕಾದು ಕೂರಬೇಕು. ಮಕ್ಕಳು ಅಷ್ಟು ಹೊತ್ತು ಕಾಯಲ್ಲ, ಇನ್ನೊಂದು ಸಲ ಎಂಟರ್ ಒತ್ತುತ್ತಾರೆ. ಆಗ ಬಂದಿದ್ದು ಬಿಟ್ ಮಾಸ್ಕ್.

ಪ್ರತಿ ಪದಕ್ಕೂ 26 ಸ್ವಿಚ್ಚಿರುವ ಒಂದು ಬೋರ್ಡು ಇದೆ ಅಂದುಕೊಳ್ಳಿ, ಎಯಿಂದ ಜೆಡ್‌ವರೆಗೆ ಒಂದೊಂದು. ಪದದಲ್ಲಿ ಆ ಅಕ್ಷರ ಇದ್ದರೆ ಸ್ವಿಚ್ ಆನ್, ಇಲ್ಲದಿದ್ದರೆ ಆಫ್. ಇಪ್ಪತ್ತಾರು ಆನ್-ಆಫ್ ಸೇರಿದರೆ ಒಂದು ಸಂಖ್ಯೆ, 4 ಬೈಟಿನಲ್ಲಿ ಆರಾಮಾಗಿ ಕೂರುತ್ತೆ. ಒತ್ತಿದ ಅಕ್ಷರಗಳಿಗೂ ಹೀಗೆಯೇ ಒಂದು ಸಂಖ್ಯೆ. ಎರಡನ್ನೂ ಆಂಡ್ ಮಾಡಿದಾಗ, ಅಂದರೆ ಎರಡರಲ್ಲೂ ಆನ್ ಇರುವ ಸ್ವಿಚ್ಚುಗಳನ್ನು ಮಾತ್ರ ಉಳಿಸಿದಾಗ, ಒತ್ತಿದ ಸಂಖ್ಯೆಯೇ ವಾಪಸ್ ಬಂದರೆ, ಬೇಕಾದ ಅಕ್ಷರಗಳೆಲ್ಲ ಪದದಲ್ಲಿ ಇವೆ ಅಂತ ಅರ್ಥ. ಎಂಟು ಅಕ್ಷರ ತಡಕಾಡುವ ಬದಲು ಒಂದೇ ಏಟಿಗೆ ಉತ್ತರ. ಮೂರನೇ ನಾಲ್ಕನೇ ಪ್ರಶ್ನೆಗಳಿಗೂ ಇದೇ ಸಂಖ್ಯೆ ಉಪಯೋಗಕ್ಕೆ ಬರುತ್ತೆ, ಪ್ರಶ್ನೆ ತಿರುವುಮುರುವು ಅಷ್ಟೇ: ಪದದಲ್ಲಿ ಆನ್ ಇರುವ ಯಾವ ಸ್ವಿಚ್ಚೂ ಒತ್ತಿದ್ದರ ಹೊರಗೆ ಇರಬಾರದು.

ಮೈಕ್ರೋಪೈಥಾನಿನಲ್ಲಿ ಇದಕ್ಕೆ ಇನ್ನೊಂದು ಲಾಭ ಇದೆ. ಪಿಕೊದಂಥ ಬೋರ್ಡಿನಲ್ಲಿ ಅದು 31 ಬಿಟ್‌ವರೆಗಿನ ಸಂಖ್ಯೆಗಳನ್ನು ನೇರವಾಗಿ ಇಟ್ಟುಕೊಳ್ಳುತ್ತೆ, ಅದಕ್ಕಿಂತ ದೊಡ್ಡದಾದರೆ ಪ್ರತಿ ಸಲ ಮೆಮೊರಿಯಲ್ಲಿ ಬೇರೆ ಜಾಗ ಹುಡುಕಬೇಕು. 26 ಬಿಟ್ ಆ ಮಿತಿಯೊಳಗೇ ಇದೆ. ಪ್ರೈಮ್ ಸಂಖ್ಯೆಗಳ ಉಪಾಯ ಕೈಬಿಟ್ಟಿದ್ದು ಇದೇ ಕಾರಣಕ್ಕೆ. ಎಗೆ 2, ಬಿಗೆ 3, ಸಿಗೆ 5 ಅಂತ ಜೆಡ್‌ಗೆ 101ರವರೆಗೆ ಕೊಟ್ಟು, ಪದದ ಅಕ್ಷರಗಳನ್ನೆಲ್ಲ ಗುಣಿಸಿ, ಶೇಷ ಇಲ್ಲದೆ ಭಾಗ ಹೋಗುತ್ತಾ ಅಂತ ನೋಡೋದು. ಜೋಡಿ ಅಕ್ಷರವೂ ತಾನಾಗೇ ಲೆಕ್ಕಕ್ಕೆ ಬರುತ್ತೆ, ನೋಡೋಕೆ ಬಹಳ ಚೆಂದ. ಆದರೆ ಎಂಟಕ್ಷರ ಗುಣಿಸಿದರೆ ಸಂಖ್ಯೆ ಕೋಟಿ ಕೋಟಿ ದಾಟುತ್ತೆ, ಪಿಕೊ ತೆವಳುತ್ತೆ. ಲ್ಯಾಪ್‌ಟಾಪಿನಲ್ಲಿ ಮಾಡುವವರು ಬೇಕಾದರೆ ಮಾಡಿ ನೋಡಿ, ಮಜಾ ಇದೆ.

80 ಸಾವಿರ ಪದಕ್ಕೆ ನಾಲ್ಕು ನಾಲ್ಕು ಬೈಟ್ ಅಂದರೆ 320 ಕಿಲೋಬೈಟ್. ರ್‍ಯಾಮ್ ಇರೋದೇ 264, ಅದರಲ್ಲಿ ಮೈಕ್ರೋಪೈಥಾನಿಗೂ ಪಾಲು ಹೋಗಬೇಕು. ಹಾಗಾಗಿ ಮಾಸ್ಕುಗಳನ್ನು ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕಿ ಫ್ಲ್ಯಾಶಿನ ಕಡತದಲ್ಲಿಟ್ಟೆ. ಹುಡುಕುವಾಗ 4 ಕಿಲೋಬೈಟಿನ ತುಂಡುಗಳಲ್ಲಿ ಓದಿದರೆ ಒಂದು ಸಲಕ್ಕೆ 1024 ಪದ. ಆ ಒಳಗಿನ ಸುತ್ತನ್ನು ಮಾತ್ರ ವೈಪರ್ ಅನ್ನೋ ವಿಧಾನದಲ್ಲಿ ಬರೆದೆ, ಅದು ನೇರ ಯಂತ್ರಭಾಷೆಗೆ ಇಳಿಯುತ್ತೆ. ಈಗ ಎಂಟರ್ ಒತ್ತಿದರೆ ಕಾಯಬೇಕು ಅನ್ನಿಸಲ್ಲ.

ಮಾಸ್ಕಿಗೆ ಜೋಡಿ ಅಕ್ಷರ ತಿಳಿಯಲ್ಲ. ಸ್ವಿಚ್ ಎರಡು ಸಲ ಆನ್ ಮಾಡೋಕೆ ಆಗಲ್ಲವಲ್ಲ. ಮರಾಡರ್ ಇಲ್ಲೂ ದಾಟಿ ಬರುತ್ತೆ. ಆದರೆ ಅಷ್ಟೊತ್ತಿಗೆ 80 ಸಾವಿರ ಹೋಗಿ ಕೈಬೆರಳೆಣಿಕೆಯಷ್ಟು ಪದ ಉಳಿದಿರುತ್ತೆ. ಅವನ್ನು ಮಾತ್ರ ಅಕ್ಷರ ಅಕ್ಷರ ಎಣಿಸಿದರೆ ಸಾಕು. ಮೊದಲು ಒರಟು ಜರಡಿ, ಆಮೇಲೆ ನಯ ಜರಡಿ.

ಮೈಸೂರಿನ ವಿಷಯ ಇಲ್ಲೇ ಹೇಳಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಊರಿನ ಅಧಿಕೃತ ಕಾಗುಣಿತ ಬದಲಾಯಿತು. ಹಳೇ ಕಾಗುಣಿತದಲ್ಲಿ ಕೊನೆಗೆ ಓ, ಆರ್, ಇ. ಅದನ್ನು ಕೊಟ್ಟರೆ ಸಿಂಡ್ರೋಮ್, ಪಾಲಿಮರ್ಸ್, ಮೇಯರೆಸ್ ಸಿಗುತ್ತವೆ, ಮೂರೂ ಎಂಟಕ್ಷರ. ಹೊಸದರಲ್ಲಿ ಎರಡು ಯು. ಮಾಸ್ಕ್ ಮಾತ್ರ ನೋಡಿದರೆ ಸಮ್ಮರಿ ಬರುತ್ತೆ, ಎಣಿಸಿದ ಮೇಲೆ ಹೋಗುತ್ತೆ, ಅದರಲ್ಲಿ ಯು ಒಂದೇ. ನಿಜವಾಗಿ ಹೊಂದುವ ಹ್ಯೂಮರಸ್ಲಿ, ನ್ಯೂಮರಸ್ಲಿ ಎರಡೂ ಹತ್ತಕ್ಷರದವು. ಲ್ಯಾಪ್‌ಟಾಪಿನಲ್ಲಿ ಸಿಕ್ಕಿದವು ಡಬ್ಬಿಯಲ್ಲಿ ಇಲ್ಲ. ಮೈಸೂರಿನಲ್ಲಿ ಕೂತು ಮಾಡಿದ ಡಬ್ಬಿಗೆ ಇದು ಸ್ವಲ್ಪ ಅವಮಾನವೇ.

ತಂತಿ, ಕೀಬೋರ್ಡು, ಎಲ್‌ಸಿಡಿ

ಅಕ್ಷರ ಒತ್ತೋಕೆ ಮೊದಲು ಹದಿನಾರು ಗುಂಡಿಯ ಕೀಪ್ಯಾಡ್ ಯೋಚನೆ ಇತ್ತು. ಹಳೇ ಫೋನಿನ ಹಾಗೆ ಒಂದೇ ಗುಂಡಿಯನ್ನು ಮೂರು ಮೂರು ಸಲ ಒತ್ತಬೇಕು. ಈಗಿನ ಮಕ್ಕಳಿಗೆ ಅದು ಗೊತ್ತೇ ಇಲ್ಲ. ಅಟ್ಟದ ಮೇಲೆ ನೇರಳೆ ಬಣ್ಣದ ಗುಂಡು ಪ್ಲಗ್ಗಿನ ಪಿಎಸ್-2 ಕೀಬೋರ್ಡ್ ಇತ್ತು. ಅದಕ್ಕೇ ಸಾಕೆಟ್ ತಂದು ಹಾಕಿದೆ. ತಂತಿ ಕತ್ತರಿಸೋಕೆ ಹೋಗಬೇಡಿ. ಒಳಗಿನ ತಂತಿಗಳ ಬಣ್ಣ ಒಂದೊಂದು ಕಂಪನಿಯದು ಒಂದೊಂದು ತರಹ. ಸಾಕೆಟ್ ಆದರೆ ಪಿನ್ನುಗಳ ಕ್ರಮ ಎಲ್ಲದರಲ್ಲೂ ಒಂದೇ: 1 ಡೇಟಾ, 3 ಗ್ರೌಂಡ್, 4 ಐದು ವೋಲ್ಟ್, 5 ಕ್ಲಾಕ್. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದು ಸಲ ಖಾತ್ರಿ ಮಾಡಿಕೊಂಡರೆ ಆಯಿತು.

ಗುಂಡಿ ಒತ್ತಿದಾಗ ಕೀಬೋರ್ಡೇ ಕ್ಲಾಕ್ ಕೊಟ್ಟು ಹನ್ನೊಂದು ಬಿಟ್ ಕಳಿಸುತ್ತೆ. ಶುರುವಿಗೆ ಒಂದು, ಡೇಟಾ ಎಂಟು, ತಪ್ಪು ಪತ್ತೆಗೆ ಪ್ಯಾರಿಟಿ ಒಂದು, ಮುಗಿಸೋಕೆ ಒಂದು. ಕ್ಲಾಕ್ ಸೆಕೆಂಡಿಗೆ ಹತ್ತು ಸಾವಿರಕ್ಕೂ ಜಾಸ್ತಿ ಸಲ ಬಡಿಯುತ್ತೆ. ಪೈಥಾನ್ ಕೋಡು ಪ್ರತಿ ಬಡಿತಕ್ಕೂ ಎದ್ದು ಓಡಿದರೆ ಒಂದೆರಡು ಬಿಟ್ ತಪ್ಪುತ್ತೆ. ಪಿಕೊ ಚಿಪ್ಪಿನೊಳಗಿನ ಪಿಐಒ ಅನ್ನೋ ಪುಟ್ಟ ಭಾಗ ಇಂಥದ್ದಕ್ಕೇ ಇರೋದು. ಮುಖ್ಯ ಪ್ರೊಸೆಸರ್ ಪಕ್ಕದಲ್ಲಿ ಕೂತು, ಕ್ಲಾಕ್ ಕೆಳಗಿಳಿದಾಗಲೆಲ್ಲ ಡೇಟಾ ತಂತಿ ನೋಡಿ, ಹನ್ನೊಂದು ಸೇರಿದ ಮೇಲೆ ಕೈಗೆ ಕೊಡುತ್ತೆ. ಬರೋದು ಅಕ್ಷರ ಅಲ್ಲ, ಗುಂಡಿಯ ನಂಬರು. ಎಬಿಸಿಡಿ ಕ್ರಮದಲ್ಲೂ ಇಲ್ಲ. ಹೆಕ್ಸ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಎಣಿಕೆ) ಎ ಅಂದರೆ 1ಸಿ, ಬಿ ಅಂದರೆ 32, ಸಿ ಅಂದರೆ 21. ಒಂದು ಪಟ್ಟಿ ಮಾಡಿ ಹೊಂದಿಸಿಕೊಳ್ಳಬೇಕು. ಕೈ ಎತ್ತಿದಾಗ ಎಫ್0 ಬಂದು ಅದರ ಹಿಂದೆ ಅದೇ ನಂಬರು ಇನ್ನೊಂದು ಸಲ ಬರುತ್ತೆ. ಅದನ್ನು ಬಿಟ್ಟುಬಿಡಬೇಕು, ಇಲ್ಲದಿದ್ದರೆ ಪ್ರತಿ ಅಕ್ಷರವೂ ಎರಡೆರಡು ಆಗುತ್ತೆ. ಈ ಡಬ್ಬಿಯಲ್ಲಂತೂ ಜೋಡಿ ಅಕ್ಷರ ಅಂದರೆ ಬೇರೆಯೇ ಅರ್ಥ.

ಕೀಬೋರ್ಡೂ ಎಲ್‌ಸಿಡಿಯೂ 5 ವೋಲ್ಟಿನ ಸಾಮಾನು, ಪಿಕೊದ ಪಿನ್ನುಗಳು 3.3 ವೋಲ್ಟಿನವು. ನೇರವಾಗಿ ಜೋಡಿಸಿ ನಡೆಸುವವರನ್ನು ನೋಡಿದ್ದೇನೆ, ನಾನು ಆ ತಂಟೆಗೆ ಹೋಗಲಿಲ್ಲ. ಮಧ್ಯದಲ್ಲಿ ಎರಡು ವೋಲ್ಟೇಜನ್ನೂ ಹೊಂದಿಸುವ ನಾಲ್ಕು ಚಾನೆಲ್ಲಿನ ಲೆವೆಲ್ ಶಿಫ್ಟರ್ ಇಟ್ಟೆ. ಕೀಬೋರ್ಡಿನ ಕ್ಲಾಕ್, ಡೇಟಾಗೆ ಎರಡು, ಎಲ್‌ಸಿಡಿಯ ಎರಡು ತಂತಿಗೆ ಎರಡು. ಹೇಳಿ ಮಾಡಿಸಿದ ಹಾಗೆ ನಾಲ್ಕೂ ತುಂಬಿದವು. 5 ವೋಲ್ಟ್ ಪಿಕೊದ 40ನೇ ಪಿನ್ನಿನಿಂದ, 3.3 ವೋಲ್ಟ್ 36ರಿಂದ.

ಎಲ್‌ಸಿಡಿ ಸಾಮಾನ್ಯ ಹದಿನಾರು ಅಕ್ಷರ, ಎರಡು ಸಾಲಿನದು, ಎರಡೇ ತಂತಿಯಲ್ಲಿ ಡೇಟಾ ಕಳಿಸೋಕೆ ಹಿಂದೆ ಐ-ಸ್ಕ್ವೇರ್-ಸಿ ಬೋರ್ಡು ಬೆಸೆದೇ ಬರುತ್ತೆ. ಹೊಸದಾಗಿ ಹಾಕುವವರಿಗೆ ಎರಡು ಮಾತು. ಲೈಟ್ ಹತ್ತಿಕೊಂಡು ಅಕ್ಷರ ಏನೂ ಕಾಣದಿದ್ದರೆ, ಅಥವಾ ಸಾಲು ತುಂಬ ಕಪ್ಪು ಚೌಕಗಳೇ ಕಂಡರೆ, ಹಿಂದಿರುವ, ಕಾಂಟ್ರಾಸ್ಟ್ ಹೊಂದಿಸುವ ನೀಲಿ ಪ್ರಿಸೆಟ್ಟನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ನಿಧಾನ ತಿರುಗಿಸಿ, ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತೆ. ಆಗಲೂ ಬರದಿದ್ದರೆ ಕೋಡಿನಲ್ಲಿ ಕೊಟ್ಟ ಐ-ಸ್ಕ್ವೇರ್-ಸಿ ವಿಳಾಸ ನೋಡಿ. ಆ ಬೋರ್ಡಿನ ಮೇಲಿನ ಚಿಪ್ಪಿನ ಹೆಸರಿನ ಕೊನೆಗೆ ಎ ಇಲ್ಲದಿದ್ದರೆ ಸಾಮಾನ್ಯವಾಗಿ ಹೆಕ್ಸ್ 27, ಎ ಇದ್ದರೆ ಹೆಕ್ಸ್ 3ಎಫ್.

ಬಾಕ್ಸು ಹಾರ್ಡ್‌ವೇರ್ ಅಂಗಡಿಯದು. 71 ಮಿಲಿಮೀಟರ್ ಅಗಲ, 24 ಎತ್ತರದ ಕಿಂಡಿ ಗುರುತು ಹಾಕಿ, ನಾಲ್ಕು ಮೂಲೆಗೆ ತೂತು ಹೊಡೆದು, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಅಂಚು ಸೊಟ್ಟ ಇದೆ. ಸುತ್ತ ಕಪ್ಪು ಇನ್ಸುಲೇಷನ್ ಟೇಪು ಹೊಡೆದರೆ ಗೊತ್ತಾಗಲ್ಲ.

ಪವರ್ ಬ್ಯಾಂಕಿನಲ್ಲಿ ನಡೆಸೋಣ ಅಂದುಕೊಂಡರೆ ಅದು ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತೆ. ಕರೆಂಟ್ ಎಳೆಯೋದು ತೀರ ಕಡಿಮೆ ಆದರೆ ಫೋನ್ ಚಾರ್ಜ್ ಮುಗಿದಿದೆ ಅಂತ ತಿಳಿಯುವ ಪವರ್ ಬ್ಯಾಂಕುಗಳು ಬಹಳ. ಹಳೇ ಮೊಬೈಲ್ ಚಾರ್ಜರ್ ಇಟ್ಟ ಮೇಲೆ ಆ ರಗಳೆ ಇಲ್ಲ.

ಮಂಡ್ಯದಲ್ಲಿ

ಅತ್ತಿಗೆ ಮೊದಲು ಒತ್ತಿದ್ದು ದಸರಾ. ಡಿ, ಎ, ಎಸ್, ಎ, ಆರ್, ಎ. ಮೂರು ಎ. ಸ್ಯಾರಬ್ಯಾಂಡ್ ಅಂತ ಬಂತು. ಅದು ಯುರೋಪಿನ ಒಂದು ಹಳೇ ಕುಣಿತ.

"ಇದನ್ನು ಯಾವ ಮಗು ಬರೆಯುತ್ತಪ್ಪಾ? ಅಂಬಾಸಿಡರ್ ಯಾಕೆ ಬರಲಿಲ್ಲ?"

ಅವರು ಹೇಳಿದ್ದು ಸರಿ. ಅಂಬಾಸಿಡರ್ ಅನ್ನೋದರಲ್ಲಿ ಮೂರು ಎ, ಡಿ, ಎಸ್, ಆರ್ ಎಲ್ಲ ಇವೆ. ಹತ್ತಕ್ಷರ ಆದ್ದರಿಂದ ನನ್ನ ಪಟ್ಟಿಯಲ್ಲಿಲ್ಲ. ಮ್ಯಾಂಡೇಟರಿ ಕೂಡ ಒಂಬತ್ತಕ್ಷರ, ಅದೂ ಇಲ್ಲ. ಮಂಡ್ಯದ ಮಕ್ಕಳಿಗೆ ಮಂಡ್ಯದ ಒಳ್ಳೆ ಪದವೇ ಸಿಗಲ್ಲ ಅಂದರೆ ಹೇಗೆ? ಮಾಸ್ಕು ಗೀಸ್ಕು ಅವರಿಗೆ ಸಂಬಂಧ ಇಲ್ಲದ ಮಾತು. ಯಾರೂ ಬಳಸದ ಸಾವಿರಾರು ಪದಗಳು ಒಳಗಿದ್ದು, ಎಲ್ಲರಿಗೂ ಗೊತ್ತಿರುವ ಪದ ಜಾಗ ಸಾಲದೆ ಹೊರಗಿದೆ ಅನ್ನೋದಷ್ಟೇ ಅವರಿಗೆ ಕಂಡಿದ್ದು. ಅದರ ಜೊತೆಗೆ ಟ್ಯೂಷನ್ ಮನೆಯಲ್ಲಿ ಪರದೆ ಮೇಲೆ ಬರಬಾರದ ಬೈಗುಳಗಳೂ ಆ ದೊಡ್ಡ ಪಟ್ಟಿಯಲ್ಲಿ ಇವೆ. ಆಟದ ಪಟ್ಟಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಪಟ್ಟಿ ಬದಲಾಯಿಸಿದೆ. ಸ್ಕೌಲ್ ಅಂತ ಕೆವಿನ್ ಆಟ್ಕಿನ್ಸನ್ ಅವರು ಸ್ಪೆಲ್ ಚೆಕ್ಕರ್‌ಗಳಿಗೆ ಅಂತ ಮಾಡಿದ ಪದಸಂಗ್ರಹ ಇದೆ. ಪದ ಎಷ್ಟು ಬಳಕೆಯಲ್ಲಿದೆ ಅನ್ನೋದರ ಮೇಲೆ 10ರಿಂದ 95ರವರೆಗೆ ಹಂತ ಮಾಡಿದ್ದಾರೆ. ಹಂತ ಏರಿದಂತೆ ಅಪರೂಪದ ಪದಗಳು. ಅದರಲ್ಲಿ 50ರವರೆಗಿನದ್ದನ್ನು ತಗೊಂಡು, ಎನೇಬಲ್‌ನಲ್ಲೂ ಇರುವ ಪದಗಳನ್ನು ಮಾತ್ರ ಉಳಿಸಿದೆ. ಎರಡು ವಿಂಗಡಿಸಿದ ಕಡತಗಳಲ್ಲಿ ಎರಡರಲ್ಲೂ ಇರುವ ಸಾಲು ತೋರಿಸೋಕೆ ಕಾಮ್ ಅಂತ ಒಂದು ಆಜ್ಞೆ ಇದೆ, ಒಂದೇ ಸಾಲಿನ ಕೆಲಸ. ಆಮೇಲೆ ಕೈಯಲ್ಲೇ ಬರೆದ ಎರಡು ಸಣ್ಣ ಕಡತ: ಒಂದು ತೆಗೆಯಲೇಬೇಕಾದ ಪದಗಳು, ಇನ್ನೊಂದು ಉಳಿಸಲೇಬೇಕಾದವು. ಮಡ್‌ಗಾರ್ಡ್, ಗಾರ್, ಗ್ವಾರ್ ಎರಡನೆಯದರಲ್ಲಿವೆ, ಜರಡಿ ಏನೇ ಹೇಳಲಿ. ಹೊಸ ಪಟ್ಟಿ ಎಷ್ಟು ತೆಳುವಾಯಿತು ಅಂದರೆ ಉದ್ದದ ಮಿತಿಯನ್ನು ಹನ್ನೆರಡಕ್ಕೆ ಏರಿಸಿದರೂ ಫ್ಲ್ಯಾಶಿನಲ್ಲಿ ಜಾಗ ಉಳಿಯಿತು. ಅಂಬಾಸಿಡರ್ ಬಂತು, ಮ್ಯಾಂಡೇಟರಿ ಬಂತು, ಹೊಸ ಮೈಸೂರಿಗೆ ಹ್ಯೂಮರಸ್ಲಿಯೂ ಬಂತು.

ಹುಣಸೂರು ಕೊಟ್ಟರೆ ಅನ್‌ಟ್ರೂತ್ಸ್, ಅಂದರೆ ಸುಳ್ಳುಗಳು. ಅಲ್ಲಿನವರು ಬೇಜಾರು ಮಾಡಿಕೊಳ್ಳಬಾರದು, ಎರಡು ಯು ಇರೋದರಿಂದ ಆಯ್ಕೆ ಕಡಿಮೆ.

ಟ್ಯೂಷನ್ನಿನ ಮಕ್ಕಳು ಊರಿನ ಹೆಸರು ಬಿಟ್ಟು ತಮ್ಮ ಹೆಸರು ಒತ್ತೋಕೆ ಶುರು ಮಾಡಿದ್ದು ಮಾತ್ರ ನಾನು ಯೋಚಿಸಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದ ನಮ್ಮ ಹೆಸರುಗಳಲ್ಲಿ ಎ ಮೂರು ನಾಲ್ಕು ಸಲ ಬರುತ್ತೆ, ಎಚ್‌ಗಳು ಎರಡೆರಡು. ಇಂಗ್ಲಿಷ್ ಪದಗಳಲ್ಲಿ ಜಾಸ್ತಿ ಬರೋದು ಇ. ಸ್ಕ್ರ್ಯಾಬಲ್ ಮಾಡಿದ ಆಲ್‌ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸಿ ನೂರು ಬಿಲ್ಲೆಗಳಲ್ಲಿ ಹನ್ನೆರಡನ್ನು ಇಗೆ, ಒಂಬತ್ತನ್ನು ಎಗೆ ಕೊಟ್ಟಿದ್ದು ಸುಮ್ನೆ ಅಲ್ಲ. ಹಾಗಾಗಿ ಮಕ್ಕಳಿಗೆ ಪದೇ ಪದೇ ಸೊನ್ನೆ. ಸೊನ್ನೆ ಬಂದರೆ ಆ ಮಗು ಕೀಬೋರ್ಡ್ ಬಿಟ್ಟು ಎದ್ದು ಹೋಗುತ್ತೆ.

ಅದಕ್ಕೆ ಒಂದು ಸಣ್ಣ ಸೇರ್ಪಡೆ. ಏನೂ ಸಿಗದಿದ್ದರೆ ಒತ್ತಿದ ಅಕ್ಷರಗಳಲ್ಲಿ ಒಂದನ್ನು ಬಿಟ್ಟು ಮತ್ತೆ ಹುಡುಕುತ್ತೆ, ಆಗಲೂ ಸಿಗದಿದ್ದರೆ ಇನ್ನೊಂದನ್ನು ಬಿಟ್ಟು. ಯಾವುದನ್ನು ಬಿಡಬೇಕು ಅಂದರೆ, ಜೋಡಿ ಇದ್ದರೆ ಮೊದಲು ಜೋಡಿಯಲ್ಲಿ ಒಂದು, ಆಮೇಲೆ ಬಟ್ಸ್ ಬಿಲ್ಲೆಯ ಲೆಕ್ಕದಲ್ಲಿ ಅಪರೂಪದ್ದು. ಯಾವ ಅಕ್ಷರ ಬಿಟ್ಟೆ ಅಂತ ಕೆಳಗಿನ ಸಾಲಿನಲ್ಲಿ ತೋರಿಸುತ್ತೆ. ಕೆ.ಆರ್. ಪೇಟೆ ಕಡೆಯ ಕಿಕ್ಕೇರಿಯಲ್ಲಿ ಮೂರು ಕೆ, ಎರಡು ಐ. ಅಷ್ಟೂ ಇರುವ ಪದ ಪಟ್ಟಿಯಲ್ಲಿಲ್ಲ. ಎರಡು ಕೆ ಬಿಟ್ಟ ಮೇಲೆ ಟ್ರಿಕಿಯರ್, ಸ್ಟಿಕಿಯರ್ ಬರುತ್ತವೆ. ಅತ್ತಿಗೆ ಈಗ ಅದನ್ನೇ ಆಟದ ನಿಯಮ ಮಾಡಿದ್ದಾರೆ: ಒಂದಕ್ಷರ ಬಿಟ್ಟರೆ ಒಂದು ಅಂಕ ಕಡಿತ. ಅಂಕ ಬರೆದುಕೊಳ್ಳೋದನ್ನೂ ಡಬ್ಬಿಗೇ ಹೇಳಿಕೊಡು ಅಂತ ಕೇಳಿದ್ದಾರೆ. ಕೀಬೋರ್ಡಿನಲ್ಲಿ ಬಳಸದ ಗುಂಡಿಗಳು ಇನ್ನೂ ಖಾಲಿ ಇವೆ, ಮಾಡಬಹುದು.